ರೀಲಿಲ್ಲದ ಕ್ಯಾಮೆರಾ

ನಮ್ಮ ಮನೆಯ ಹಿಂದಿದ್ದ ಬ್ಯಾರನ್ನಿಗೆ ಎರಡು ಕಸುಬು. ಮಳೆಗಾಲ ಅರ್ಧ ಕಳೆದ ಮೇಲೆ ಅದರೊಳಗೆ ಹೊಗೆಸೊಪ್ಪು ಬೇಯುತ್ತಿತ್ತು. ಸೊಪ್ಪೆಲ್ಲ ಬೆಂದು, ಬಣ್ಣ ನೋಡಿ ಬೇರ್ಪಡಿಸಿ, ಬೇಲು ಕಟ್ಟಿ, ಪಿರಿಯಾಪಟ್ಟಣದ ಹರಾಜಿಗೆ ಹೋದ ಮೇಲೆ ಅದೇ ಬ್ಯಾರನ್ನಿನಲ್ಲಿ ಅಪ್ಪ ಫೋಟೋ ತೊಳೆಯುತ್ತಿದ್ದ. ಕಿಟಕಿ ಇಲ್ಲದ, ಎತ್ತರ ಗೋಡೆಯ, ಒಂದೇ ಬಾಗಿಲಿನ ಅಂಥ ಕತ್ತಲೆ ಕೋಣೆ ಹುಣಸೂರಿನ ಸ್ಟುಡಿಯೋದವರಿಗೂ ಇರಲಿಲ್ಲ ಅನ್ನುವುದು ಅವನ ಹೆಮ್ಮೆ. ಗಾಳಿ ಬಿಡುವ ಕಿಂಡಿಗಳಿಗೆ ಗೋಣಿಚೀಲ ತುರುಕಿ, ಬಾಗಿಲಿಗೆ ಅಜ್ಜಿಯ ಹಳೆ ಕಂಬಳಿ ಇಳಿಬಿಟ್ಟು, ಸೊಪ್ಪಿನ ಕಡ್ಡಿ ಜೋಡಿಸುವ ಗಳುವಿಗೆ ಕೆಂಪು ಬಲ್ಬೊಂದನ್ನು ಕಟ್ಟಿಬಿಟ್ಟರೆ ಅವನ ಇನ್ನೊಂದು ಬೇಸಾಯ ಶುರು. ಬಣ್ಣದ ರೀಲುಗಳನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಮೈಸೂರಿಗೆ ಕಳಿಸುತ್ತಿದ್ದ. ಕಪ್ಪುಬಿಳುಪು ಮಾತ್ರ ಮನೆಯದೇ. ಅಮ್ಮನ ಪಿಂಗಾಣಿ ಬೋಗುಣಿಗಳು ಒಂದೊಂದಾಗಿ ಅಡುಗೆಮನೆಯಿಂದ ಬ್ಯಾರನ್ನಿಗೆ ವರ್ಗವಾದವು. ಒಮ್ಮೆ ಫೋಟೋ ತೊಳೆಯುವ ಹೈಪೋ ತುಂಬಿದ ಬೋಗುಣಿಯಲ್ಲಿ ಮತ್ತೆ ಉಪ್ಪಿನಕಾಯಿ ಕಲಸುವ ಹಾಗಿಲ್ಲವಲ್ಲ. ಅದಕ್ಕಾಗಿ ಅಮ್ಮ ವರ್ಷಗಟ್ಟಲೆ ಜಗಳ ಆಡಿದಳು, ಪ್ರತಿ ಸಲವೂ ಸೋತಳು.

ಬ್ಯಾರನ್ನಿನಲ್ಲಿ ಒಂದು ತೊಂದರೆ ಇತ್ತು. ಸೊಪ್ಪು ಬೇಯಿಸಿ ಬೇಯಿಸಿ ಗಳುಗಳಿಗೆಲ್ಲ ಕಂದು ಅಂಟು ಹಿಡಿದಿರುತ್ತಿತ್ತು. ಬೇಸಿಗೆಯ ಸೆಕೆಗೆ ಅದು ಕರಗಿ, ಕೆಳಗೆ ಒದ್ದೆಯಾಗಿ ಬಿದ್ದಿರುವ ಫೋಟೋ ಮೇಲೆ ತೊಟ್ಟಿಕ್ಕುತ್ತಿತ್ತು. ಹಾಗಾಗಿ ನಮ್ಮ ಸುತ್ತಿನ ಹಳ್ಳಿಗಳಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಂಡವರಲ್ಲಿ ಅನೇಕರಿಗೆ ಕೆನ್ನೆ, ಹಣೆ, ಗಲ್ಲದ ಮೇಲೆ ಹುಟ್ಟಿನಲ್ಲಿಲ್ಲದ ಮಚ್ಚೆಗಳು. ಹತ್ತನೇ ಕ್ಲಾಸಿನ ಪರೀಕ್ಷೆಗೆ ಅರ್ಜಿ ತುಂಬುವಾಗ ಒಬ್ಬ ಹುಡುಗ ಗುರುತಿನ ಚಿಹ್ನೆ ಅನ್ನುವ ಕಡೆ ಫೋಟೋ ನೋಡಿಕೊಂಡು ‘ಎಡಗೆನ್ನೆಯ ಮೇಲೆ ಮಚ್ಚೆ’ ಎಂದು ಬರೆದುಬಿಟ್ಟ. ಪರೀಕ್ಷೆಯ ದಿನ ಮೇಷ್ಟ್ರು ಮಚ್ಚೆ ಎಲ್ಲಿ ಅಂತ ಕೇಳಿದರೆ ಏನು ಹೇಳಬೇಕು? ಅವನ ಅಕ್ಕ ಕಾಡಿಗೆಯಿಂದ ಒಂದು ಚುಕ್ಕೆ ಇಟ್ಟು ಕಳಿಸಿದಳಂತೆ. ಅಪ್ಪ ಈ ಕಥೆಯನ್ನು ತಾನೇ ಹೇಳಿಕೊಂಡು ನಗುತ್ತಿದ್ದ.

ಆದರೆ ಅಪ್ಪನ ಹೆಸರು ಹರಡಿದ್ದು ಇನ್ನೊಂದು ಕಾರಣಕ್ಕೆ. ಆಗ ಮನೆಯ ಹಿರಿಯರ ಫೋಟೋ ಬೇಕೆಂದು ಜನರಿಗೆ ನೆನಪಾಗುತ್ತಿದ್ದುದೇ ಹಿರಿಯರು ಹಾಸಿಗೆ ಹಿಡಿದ ಮೇಲೆ. ಹನ್ನೊಂದರ ತಿಥಿಗೆ ಒಂದು ಫೋಟೋ ಬೇಡವೇ? ಯಾರಾದರೂ ಸೈಕಲ್ಲಿನಲ್ಲಿ ಬಂದು, ನಮ್ಮ ತಾತನಿಗೆ ಸ್ವಲ್ಪ ಜಾಸ್ತಿಯಾಗಿದೆ, ಬರಬೇಕಂತೆ ಅಂದರೆ ಅಪ್ಪ ಕ್ಯಾಮೆರಾ ಹೆಗಲಿಗೇರಿಸಿ ಹೊರಡುತ್ತಿದ್ದ. ಅಲ್ಲಿ ಮುದುಕರಿಗೆ ತಲೆ ಬಾಚಿ, ಬಿಳಿ ಪಂಚೆಯನ್ನು ಹಿಂದೆ ಗೋಡೆಗೆ ಕಟ್ಟಿ, ಇಬ್ಬರು ಬೆನ್ನಿಗೆ ಕೈಕೊಟ್ಟು ಕೂರಿಸಿಕೊಂಡು ಕಾಯುತ್ತಿರುತ್ತಿದ್ದರು. ಅಪ್ಪ ಬಂದುಹೋದ ಕೆಲವೇ ದಿನಕ್ಕೆ ಫೋಟೋ ಗೋಡೆಗೇರುತ್ತಿತ್ತು. ಅಪ್ಪನ ಕ್ಯಾಮೆರಾ ಮುಂದೆ ಕೂತವರು ಉಳಿಯುವುದಿಲ್ಲ ಎಂಬ ಮಾತು ಹೀಗೆ ಹುಟ್ಟಿತು. ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದವಳು ಅವನ ಹೆತ್ತ ತಾಯಿ, ನನ್ನ ಅಜ್ಜಿ.

ಅಜ್ಜಿಯ ಒಂದೇ ಒಂದು ಫೋಟೋ ಇರಲಿಲ್ಲ. ಮದುವೆಯದೂ ಇಲ್ಲ, ಮಕ್ಕಳ ಮದುವೆಗಳಲ್ಲಿ ಗುಂಪಿನೊಳಗೆ ನಿಂತದ್ದೂ ಇಲ್ಲ. ಕ್ಯಾಮೆರಾ ಕಂಡರೆ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಅಪ್ಪನಿಗೆ ಇದು ಒಳಗೊಳಗೇ ಕೊರೆಯುವ ಸಂಗತಿ. ಊರೂರಿನ ತಾಯಂದಿರನ್ನು ತೆಗೆದವನಿಗೆ ತನ್ನ ತಾಯಿಯದು ಒಂದು ಬೇಕಿತ್ತು. ಹಬ್ಬಕ್ಕೊಮ್ಮೆ ಕೇಳುತ್ತಿದ್ದ, ಉತ್ತರ ಬದಲಾಗುತ್ತಿರಲಿಲ್ಲ.

“ಒಂದೇ ಒಂದು ಕಣವ್ವ. ಮೈಯಲ್ಲಿ ಸೆನ್ನಾಗಿದ್ದಾಗ್ಲೇ ತಗೀತೀನಿ.”

“ನಿನ್ ಪೋಟೋ ಇರೋದೇ ಗ್ವಾಡೆ ಅತ್ತೋದ್ಕೆ ಕಣ್ಲಾ. ನಾನಿನ್ನೂ ನೆಲದ್ ಮ್ಯಾಲೆ ಇವ್ನಿ, ಇರಾಕ್ ಬುಡು.”

ನನಗೆ ಕ್ಯಾಮೆರಾ ಹುಚ್ಚು ಹತ್ತಿದ್ದು ಪ್ರೈಮರಿ ಸ್ಕೂಲಿನಲ್ಲಿರುವಾಗಲೇ. ನೀರು ಹೊತ್ತು ಕೊಡುವುದು, ಒದ್ದೆ ಫೋಟೋಗಳನ್ನು ಹಗ್ಗಕ್ಕೆ ನೇತುಹಾಕುವುದು ನನ್ನ ಕೆಲಸವಾಗಿತ್ತು. ಅಷ್ಟಕ್ಕೇ ತೃಪ್ತಿಪಡುವ ಸ್ವಭಾವ ನನ್ನದಲ್ಲ. ಗೋಗರೆದು, ಅತ್ತು, ಒಂದು ಹೊತ್ತು ಉಪವಾಸ ಕೂತ ಮೇಲೆ ಅಪ್ಪ ತನ್ನ ಹಳೆಯ ಚಿಕ್ಕ ಕ್ಯಾಮೆರಾ ತೆಗೆದುಕೊಟ್ಟ. ನೋಡುವ ಕಿಂಡಿ ಬೇರೆ, ಮಸೂರ ಬೇರೆ ಇದ್ದ ಸಾದಾ ಕ್ಯಾಮೆರಾ. ಕೊಟ್ಟದ್ದು ರೀಲಿಲ್ಲದೆ. ಮೊದಲು ನೋಡೋದು ಕಲಿ, ಆಮೇಲೆ ರೀಲು ಅಂದ. ನಾನು ರೀಲಿಲ್ಲದ ಆ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ಹೊಲ, ಕೆರೆ ಏರಿ, ಕೊಟ್ಟಿಗೆ ಎಲ್ಲ ಸುತ್ತುತ್ತಿದ್ದೆ. ಗುಂಡಿ ಒತ್ತಿದರೆ ಟಕ್ ಅನ್ನುತ್ತಿತ್ತು, ಅಷ್ಟೆ. ಸಾಯಂಕಾಲ ಮುದ್ದೆ ಉಣ್ಣುವಾಗ ಅಪ್ಪನಿಗೆ ಲೆಕ್ಕ ಒಪ್ಪಿಸಬೇಕು. ಇವತ್ತು ಏನು ತೆಗೆದೆ ಅಂತ ಅವನು ಕೇಳುತ್ತಿದ್ದ. ನಾನು ಕರು ಹಾಲು ಕುಡಿಯೋದು ಅಂದರೆ ಅವನ ಮುಂದಿನ ಪ್ರಶ್ನೆ ಯಾವಾಗಲೂ ಒಂದೇ.

“ಏನ್ ಬುಟ್ಟೆ?”

ಫೋಟೋದೊಳಗೆ ಏನಿದೆ ಅನ್ನುವುದಲ್ಲ, ಏನನ್ನು ಆಚೆ ಬಿಟ್ಟೆ ಅನ್ನುವುದನ್ನು ಹೇಳಬೇಕು. ಕೊಟ್ಟಿಗೆಯ ಕಂಬ ಬಿಟ್ಟೆಯಾ, ಹಸುವಿನ ಬಾಲ ಬಿಟ್ಟೆಯಾ, ಬಿಟ್ಟದ್ದು ಯಾಕೆ. ಇದಕ್ಕೆ ಉತ್ತರ ಹೇಳಬೇಕೆಂದರೆ ಗುಂಡಿ ಒತ್ತುವ ಮೊದಲು ಎರಡು ಸಲ ನೋಡಲೇಬೇಕು. ಒಂದೊಂದು ದಿನ ಏನೂ ಒತ್ತದೆ ಬರುತ್ತಿದ್ದೆ, ಅವತ್ತು ಅಪ್ಪ ಖುಷಿಯಾಗಿರುತ್ತಿದ್ದ. ನಾನು ಇವತ್ತಿಗೂ ಫೋನು ಬಿಟ್ಟು ರೀಲು ಹಾಕುತ್ತೇನೆಂದರೆ, ಮೂವತ್ತಾರು ಫೋಟೋಗಳನ್ನು ಬಳಸಲು ಒಂದು ಬೇಸಿಗೆಯನ್ನೇ ತೆಗೆದುಕೊಳ್ಳುತ್ತೇನೆಂದರೆ, ಈ ಚಾಳಿ ಬಂದದ್ದು ಆ ಮುದ್ದೆಯ ತಟ್ಟೆಯ ಮುಂದೆ. ನನ್ನ ಮಗಳು ಇದನ್ನು ಜಿಪುಣತನ ಅನ್ನುತ್ತಾಳೆ. ಇರಬಹುದು.

ಈ ಆಟದಲ್ಲಿ ಅಜ್ಜಿಯೂ ಸೇರಿಕೊಂಡಳು. ರೀಲಿಲ್ಲ ಎಂದು ಖಾತ್ರಿಯಾದ ಮೇಲೆ ಅವಳಿಗೆ ನನ್ನ ಕ್ಯಾಮೆರಾದ ಭಯ ಇರಲಿಲ್ಲ. ಅಪ್ಪನ ಮುಂದೆ ಓಡಿಹೋಗುತ್ತಿದ್ದವಳು ನನ್ನ ಮುಂದೆ ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದಳು. ರಾಗಿ ಬೀಸುವಾಗ, ಎಲೆಅಡಿಕೆ ಹಾಕಿಕೊಳ್ಳುವಾಗ, ಸೊಪ್ಪು ಕಟ್ಟುವಾಗ ಅವಳನ್ನು ಎಷ್ಟು ಸಲ ತೆಗೆದೆನೋ ಲೆಕ್ಕವಿಲ್ಲ. ಊಟಕ್ಕೆ ಕೂತಾಗ ತನ್ನ ಫೋಟೋ ಹೇಗೆ ಬಂತೆಂದು ಕೇಳುತ್ತಿದ್ದಳು. ನಾನು ಬಿಸಿಲು ಓಲೆಯ ಮೇಲೆ ಬಿದ್ದಿತ್ತು ಅಂತ ಶುರುಮಾಡಿದರೆ ಅಡ್ಡಬಾಯಿ ಹಾಕುತ್ತಿದ್ದಳು.

“ಓಲೆಯಲ್ಲ ಕಣೆ, ಬುಗುಡಿ. ಸರ್ಯಾಗ್ ನೋಡು. ಬುಗುಡಿ ನಮ್ ಭೇರ್ಯದವ್ರು ಆಕಿದ್ದು.”

ಭೇರ್ಯ ಅವಳ ತವರು. ನೀರಾವರಿಯ ಊರಿನಿಂದ ಒಣಭೂಮಿಗೆ ಬಂದವಳು ತಾನು ಅನ್ನುವುದನ್ನು ಅವಳು ಯಾವ ಫೋಟೋದಲ್ಲೂ ಬಿಡುತ್ತಿರಲಿಲ್ಲ. ಅಪ್ಪ ತಲೆ ತಗ್ಗಿಸಿಕೊಂಡು ಉಣ್ಣುತ್ತ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ಅವನ ಮನಸ್ಸಿನಲ್ಲಿ ಏನು ಬೇಯುತ್ತಿತ್ತು ಎಂದು ನನಗೆ ಆಗ ಹೊಳೆಯಲಿಲ್ಲ.

ಒಂದು ವರ್ಷ ಸೊಪ್ಪು ಬೇಯಿಸುವ ಕಾಲ. ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿ ಹೆಂಗಸರೆಲ್ಲ ಕೂತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ ಮುಗಿಸಿ ಮನೆಗೆ ಹೋಗಿದ್ದರು. ಅಜ್ಜಿಯೊಬ್ಬಳೇ ಉಳಿದ ಸೊಪ್ಪು ಕಟ್ಟುತ್ತಿದ್ದಳು. ಅಪ್ಪ ನನ್ನನ್ನು ಹಿತ್ತಲಿಗೆ ಕರೆದು ನನ್ನ ಅದೇ ಚಿಕ್ಕ ಕ್ಯಾಮೆರಾ ಕೈಗೆ ಕೊಟ್ಟ.

“ರೀಲ್ ಹಾಕಿವ್ನಿ. ನಿಂಗೇ ಕಣವ್ವ ಈ ರೀಲು, ಪೂರ್ತಿ. ಮೊದಲ್ನೇದು ಅಜ್ಜೀದು ತಗಿ. ಅವ್ಳಿಗೆ ಹೇಳ್ಬೇಡ.”

ಅಷ್ಟು ವರ್ಷ ಕಾದ ರೀಲು ಕೈಯಲ್ಲಿತ್ತು. ಅಪ್ಪನ ಆಸೆಯೂ ಅದರೊಳಗೇ ಇತ್ತು. ನಾನು ಹೋಗಿ ಅಜ್ಜಿಯ ಮುಂದೆ ಕೂತೆ. ಸೊಪ್ಪಿನ ರಾಶಿಯ ಮೇಲಿಂದ ಬರುವ ಬೆಳಕು ಅವಳ ಮುಖದ ಮೇಲೆ ಚೆನ್ನಾಗಿ ಬಿದ್ದಿತ್ತು. ಅಜ್ಜಿ ಎಂದಿನಂತೆ ಸೆರಗು ಎಳೆದುಕೊಂಡು, ಬುಗುಡಿ ಕಾಣುವ ಹಾಗೆ ತಲೆ ತಿರುಗಿಸಿ, ಗಂಭೀರವಾಗಿ ಕೂತಳು. ತಗಿ ಅಂದಳು. ಅಪ್ಪ ಬ್ಯಾರನ್ನಿನ ಒಲೆಗೆ ಸೌದೆ ಒಟ್ಟುವ ನೆಪದಲ್ಲಿ ಬಾಗಿಲ ಪಕ್ಕ ನಿಂತು ನೋಡುತ್ತಿದ್ದ. ಕಿಂಡಿಯೊಳಗೆ ಅಜ್ಜಿ ನನ್ನನ್ನೇ ನಂಬಿಕೊಂಡು ಕೂತಿದ್ದಳು. ಅಡಕತ್ತರಿಗೆ ಸಿಕ್ಕಿದ ಅಡಿಕೆಯಾದೆ. ನನ್ನ ಬೆರಳು ಒತ್ತಲಿಲ್ಲ.

“ಅಜ್ಜಿ, ಇವತ್ತು ರೀಲ್ ಅದೆ.”

ಅಜ್ಜಿ ಸಿಟ್ಟಾಗಲಿಲ್ಲ. ಅಪ್ಪನ ಕಡೆ ನೋಡಿದಳು. ಅವನು ಸೌದೆಯ ಕಡೆ ನೋಡಿದ. ಕೊಡಿಲ್ಲಿ ಅಂತ ನನ್ನ ಕಡೆ ಕೈ ಚಾಚಿದಳು. ಹಸಿ ಸೊಪ್ಪು ಕಟ್ಟಿದವರ ಕೈ ಹೇಗಿರುತ್ತದೆಂದು ನಮ್ಮ ಕಡೆಯವರಿಗೆ ಗೊತ್ತು. ಬೆರಳೆಲ್ಲ ಕಪ್ಪು ಅಂಟು, ಹುಣಸೆಹಣ್ಣು ಹಚ್ಚಿ ಉಜ್ಜಿದರೂ ಬೇಗ ಹೋಗುವುದಿಲ್ಲ. ಆ ಕೈಯಲ್ಲೇ ಕ್ಯಾಮೆರಾ ಹಿಡಿದು ತಿರುಗಿಸಿ ಮುರುಗಿಸಿ ನೋಡಿದಳು. ಕಿಂಡಿ ಎಲ್ಲಿ, ಗುಂಡಿ ಎಲ್ಲಿ ಅಂತ ಕೇಳಿ ತಿಳಿದುಕೊಂಡಳು.

“ನಿಂತ್ಕಳ್ಲಾ ಅಲ್ಲೇ.”

“ಬುಡವ್ವ, ರೀಲ್ ದಂಡ ಮಾಡ್ಬೇಡ.”

“ನಿಂತ್ಕ ಅಂದ್ರೆ ನಿಂತ್ಕ. ಊರ್ನೋರ್ನೆಲ್ಲ ನಿಲ್ಲುಸ್ತೀಯೆ, ನಿಂಗೇನಾಗದೆ? ಅವ್ವನ ಕೈಲಿ ತಗುದ್ರೆ ಏನೂ ಆಗಾಕಿಲ್ಲ.”

ತಾಲ್ಲೂಕಿಗೆಲ್ಲ ನೆಟ್ಟಗೆ ನಿಂತ್ಕಳ್ಳಿ, ಕೈ ಕೆಳಗಿಡಿ, ಉಸಿರು ಬಿಗಿಹಿಡೀರಿ ಎಂದು ಹೇಳುತ್ತಿದ್ದವನು ತನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬ್ಯಾರನ್ನಿನ ಬಾಗಿಲಲ್ಲಿ ನಿಂತುಕೊಂಡ. ಅಜ್ಜಿ ಬಹಳ ಹೊತ್ತು ನೋಡಿದಳು. ಟಕ್ ಅಂತು. ಕ್ಯಾಮೆರಾ ನನ್ನ ಮಡಿಲಿಗೆ ಹಾಕಿ ಮತ್ತೆ ಸೊಪ್ಪು ಕಟ್ಟಲು ಕೂತಳು.

“ನನ್ ಮೊಕ ಮರ್ತೋಗಂಗಿದ್ರೆ ಮರ್ತೋಗು. ಪೋಟೋ ಮಡಿಕ್ಕಂಡು ಏನ್ ಮಾಡೀಯೆ” ಅಂದಳು.

ಅಪ್ಪ ಕ್ಯಾಮೆರಾ ಕಸಿದುಕೊಂಡ. ಒಂದು ಮಾತು ಹೊಟ್ಟೆಯಲ್ಲಿ ಇಟ್ಟುಕೊಳ್ಳಕ್ಕಾಗಲಿಲ್ಲವಾ ನಿನಗೆ ಅಂದವನು ಮತ್ತೆ ಬಹಳ ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಸಾಯಂಕಾಲದ ಲೆಕ್ಕ ನಿಂತುಹೋಯಿತು. ರೀಲು ಕ್ಯಾಮೆರಾದೊಳಗೇ ಉಳಿಯಿತು. ನಮ್ಮ ಮನೆಯಲ್ಲಿ ರೀಲು ಮುಗಿಯದೆ ಬಿಚ್ಚುವ ಪದ್ಧತಿ ಇರಲಿಲ್ಲ, ಮುಗಿದರೂ ಬ್ಯಾರನ್ನು ಖಾಲಿಯಾಗದೆ ತೊಳೆಯುವ ಹಾಗಿರಲಿಲ್ಲ.

ಸೊಪ್ಪಿನ ಕೆಲಸ ಮುಗಿಯುತ್ತ ಬಂದಾಗ ಅಜ್ಜಿಗೆ ಜ್ವರ ಬಂತು. ಡಾಕ್ಟರು ಬಂದು ಸೂಜಿ ಚುಚ್ಚಿ ಹೋದರು, ಕಡಿಮೆಯಾಗಲಿಲ್ಲ. ಮಲಗಿದವಳು ಏಳಲಿಲ್ಲ. ಮನೆಗೆ ಬಂದ ನೆಂಟರು ಅಪ್ಪನ ಮುಖ ನೋಡುತ್ತಿದ್ದರು. ಊರಿನವರಿಗೆಲ್ಲ ಮಾಡಿದ್ದನ್ನು ಈಗ ಇಲ್ಲಿ ಮಾಡಬಹುದಿತ್ತು. ಬಿಳಿ ಪಂಚೆ ಕಟ್ಟಿ, ಬೆನ್ನಿಗೆ ಕೈಕೊಟ್ಟು ಕೂರಿಸುವುದು ಯಾವ ದೊಡ್ಡ ಕೆಲಸ. ಅಪ್ಪನ ತಮ್ಮ ಸ್ವಾಮಿ ಚಿಕ್ಕಪ್ಪ, ಆಗ ನಮ್ಮ ಜೊತೆಯಲ್ಲೇ ಇದ್ದವನು, ಬಾಯಿಬಿಟ್ಟು ಹೇಳಿಯೂ ಹೇಳಿದ. ಅಪ್ಪ ಗೂಟದಿಂದ ಕ್ಯಾಮೆರಾ ತೆಗೆದುಕೊಂಡು ಒಳಗೆ ಹೋದ. ಅಜ್ಜಿಗೆ ಎಚ್ಚರ ಇರಲಿಲ್ಲ. ಸ್ವಲ್ಪ ಹೊತ್ತು ಅವಳ ಕಾಲ ಬಳಿ ಕೂತಿದ್ದು, ಎದ್ದು ಬಂದು ಕ್ಯಾಮೆರಾವನ್ನು ಮತ್ತೆ ಗೂಟಕ್ಕೆ ಹಾಕಿದ.

“ಎದ್ದಿದ್ದಾಗ ಬ್ಯಾಡ ಅಂದೋಳ್ನ ಮಲಗಿದ್ದಾಗ ತಗುದ್ರೆ ಅದು ಕಳ್ತನ ಕಣ್ಲಾ ಸ್ವಾಮಿ.”

ಹನ್ನೊಂದರ ತಿಥಿಯ ದಿನ ಫೋಟೋ ಇಡಬೇಕಾದ ಮಣೆಯ ಮೇಲೆ ಕಳಶ ಇಟ್ಟು ಅಜ್ಜಿಯ ಸೀರೆ ಉಡಿಸಿದ್ದರು. ಭೇರ್ಯದಿಂದ ಬಂದಿದ್ದ ಅಜ್ಜಿಯ ತಮ್ಮ ಎಡೆ ನೋಡಿ, ಗೋಡೆ ನೋಡಿ, ಪಂಕ್ತಿಯಲ್ಲಿ ಕೂತ ಎಲ್ಲರಿಗೂ ಕೇಳುವ ಹಾಗೆ ಮಾತು ಬಿಟ್ಟ.

“ಊರ್ಗ್ ಉಪಕಾರಿ, ಮನೇಗ್ ಮಾರಿ ಅಂತಾರಲ್ಲ, ಅದು ನಿನ್ನೇ ನೋಡಿ ಮಾಡಿರೋ ಗಾದೆ ಕಣಯ್ಯ. ನಮ್ಮಕ್ಕಂದು ಒಂದು ಪೋಟೋ ಇಲ್ವಲ್ಲ.”

ಅಪ್ಪ ಸಾರಿನ ಬಕೆಟ್ಟು ಹಿಡಿದುಕೊಂಡು ಮುಂದಿನ ಎಲೆಗೆ ಹೋದ. ಚಿಕ್ಕಪ್ಪ ನನ್ನ ಕಡೆ ಕೈ ತೋರಿಸಿ, ಇವಳು ಬಾಯಿ ಮುಚ್ಚಿಕೊಂಡಿದ್ದರೆ ಇರುತ್ತಿತ್ತು ಅಂದ. ಅಮ್ಮ ಪಲ್ಯದ ಪಾತ್ರೆ ಕುಕ್ಕಿದಳು.

“ಮಗ್ಳು ಸುಳ್ಳು ಏಳ್ನಿಲ್ಲ. ಅದೂ ತಪ್ಪಾ ಈ ಮನೇಲಿ?”

ನನಗೆ ಅಳು ಬಂತು, ನಿಜ. ಆದರೆ ಅಜ್ಜಿಗೆ ಹೇಳಬಾರದಿತ್ತು ಎಂದು ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸುವುದಿಲ್ಲ.

ಕೊನೆಯ ಬೇಲು ಹರಾಜಿಗೆ ಹೋದ ಮೇಲೆ ಅಪ್ಪ ಬ್ಯಾರನ್ನು ಗುಡಿಸಿದ. ರೀಲಿನಲ್ಲಿ ಉಳಿದದ್ದನ್ನು ಎತ್ತು, ಬೇಲಿ, ಬಣ್ಣಬಣ್ಣದ ಸೊಪ್ಪಿನ ಕಟ್ಟು ಅಂತ ಏನೇನೋ ತೆಗೆದು ಮುಗಿಸಿದ್ದ. ಒಂದು ಮಧ್ಯಾಹ್ನ ಬಾಗಿಲಿಗೆ ಕಂಬಳಿ ಕಟ್ಟುತ್ತ ನನ್ನನ್ನು ಕೂಗಿದ. ಬಾ, ಬೋಗುಣಿ ಅಲ್ಲಾಡಿಸು ಅಂದ. ಎಷ್ಟೋ ದಿನದ ಮೇಲೆ ಆಡಿದ ಮಾತು ಅದು, ನಾನು ಓಡಿದೆ. ಒಳಗೆ ಬೆಂದ ಸೊಪ್ಪಿನ ಸಿಹಿವಾಸನೆ ಇನ್ನೂ ಇತ್ತು. ತೊಳೆದ ರೀಲು ಒಣಗಿದ ಮೇಲೆ ಬಲ್ಬಿಗೆ ಹಿಡಿದು ನೋಡಿದ ಅಪ್ಪ, ಮೊದಲನೆಯದು ಹಾಳಾಗಿದೆ, ಮೂಲೆಯಲ್ಲಿ ಏನೋ ಬಂದಿದೆ ಅಂದ. ಆದರೂ ರೀಲಿನ ಮೂಲಕ ಕಾಗದದ ಮೇಲೆ ಬೆಳಕು ಬಿಟ್ಟು, ಕಾಗದವನ್ನು ಬೋಗುಣಿಗೆ ಹಾಕಿದ. ನಾನು ಅಂಚು ಹಿಡಿದು ನಿಧಾನವಾಗಿ ಅಲ್ಲಾಡಿಸಿದೆ.

ಬೋಗುಣಿಯ ನೀರಿನಡಿಯಲ್ಲಿ ಫೋಟೋ ಏಳುವುದನ್ನು ನೋಡಿದವರಿಗೆ ಗೊತ್ತಿರುತ್ತದೆ, ಮೊದಲು ಬರುವುದು ಮುಖವಲ್ಲ, ಕಪ್ಪು. ಬಿಳಿಯ ಕಾಗದದ ಮೇಲಿನ ಮೂಲೆಯಲ್ಲಿ ಮೊದಲು ಒಂದು ಕಪ್ಪು ಬಂತು. ದಪ್ಪಗೆ, ತುದಿ ಗುಂಡಗೆ, ಅಂಚು ಮಸುಕಾಗಿ. ಆಮೇಲೆ ಬ್ಯಾರನ್ನಿನ ಬಾಗಿಲ ಕತ್ತಲು. ಆಮೇಲೆ ನಿಧಾನವಾಗಿ ಅಪ್ಪನ ತಲೆಗೂದಲು, ಹುಬ್ಬು, ಕೈಗಳು. ಕೊನೆಗೆ ಮುಖ. ಅಮ್ಮನ ಮುಂದೆ ನಿಂತ ಹುಡುಗನ ಮುಖ ಅದು. ನಾನು ಅಪ್ಪನಲ್ಲಿ ಆ ಮುಖವನ್ನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅಪ್ಪ ಮಾತ್ರ ತನ್ನನ್ನು ನೋಡುತ್ತಿರಲಿಲ್ಲ, ಮೂಲೆಯನ್ನೇ ನೋಡುತ್ತಿದ್ದ.

“ಇದು ಬೆರಳು ಕಣೆ” ಅಂದ. “ಅವ್ವನ ಬೆರಳು. ಮಸೂರದ ಮ್ಯಾಲೆ ಬಂದದೆ. ಕಿಂಡೀಲಿ ಅವ್ಳಿಗೆ ಕಂಡಿಲ್ಲ.”

ಕಾಗದವನ್ನು ಎತ್ತುವುದನ್ನೇ ಇಬ್ಬರೂ ಮರೆತೆವು. ಫೋಟೋ ಪೂರ್ತಿ ಕಪ್ಪಾಗಿಹೋಯಿತು. ಅಪ್ಪ ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಇನ್ನೊಂದು ಕಾಗದ ತೆಗೆದುಕೊಂಡ.

ಅದನ್ನು ದೊಡ್ಡದು ಮಾಡಿ, ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದ. ಜಗಳ ಬಂದದ್ದು ಹಿರಿಯರ ಹಬ್ಬದ ದಿನ. ಅಜ್ಜಿಗೆ ಎಡೆ ಇಡಬೇಕು, ಇರುವುದು ಇದೊಂದೇ ಫೋಟೋ. ಅಪ್ಪ ಹಾರ ಹಿಡಿದುಕೊಂಡು ಗೋಡೆಯ ಹತ್ತಿರ ಹೋದ. ಅಮ್ಮ ಅಡುಗೆಮನೆಯಿಂದ ಓಡಿಬಂದು ಕೈ ಹಿಡಿದಳು.

“ಬದ್ಕಿರೋ ಗಂಡನ್ ಪೋಟೋಗೆ ಆರ ಆಕ್ತೀರಾ? ನನ್ ಕುಂಕುಮ ನಿಮಗೆ ಭಾರ ಆಗದಾ?”

ಅವಳ ಮಾತೂ ಸರಿ. ಚಿಕ್ಕಪ್ಪ ಮೂಲೆಯನ್ನು ಮಾತ್ರ ಕತ್ತರಿಸಿ ಬೇರೆ ಕಟ್ಟು ಹಾಕಿಸೋಣ ಅಂದ. ಅಪ್ಪ ಒಪ್ಪಲಿಲ್ಲ. ಅವಳು ಏನು ಬಿಟ್ಟಳೋ ಏನು ಇಟ್ಟಳೋ ಹಾಗೇ ಇರಲಿ, ಅದಕ್ಕೆ ಕತ್ತರಿ ಹಾಕಲು ನಾವು ಯಾರು ಅಂದ. ಹೋಳಿಗೆ ಆರುವ ತನಕ ವಾದ ನಡೆದು, ಕೊನೆಗೆ ಮೂಲೆಯ ಮೇಲೆ ಗಾಜಿಗೆ ಕುಂಕುಮ ಇಟ್ಟು, ಅಲ್ಲೇ ಕಟ್ಟಿನ ಸಂದಿಗೆ ಒಂದು ಹೂ ಸಿಕ್ಕಿಸುವುದು, ಹಾರ ಬೇಡ ಎಂದು ತೀರ್ಮಾನವಾಯಿತು. ತನ್ನ ಫೋಟೋಗೆ ತಾನೇ ಅಡ್ಡಬಿದ್ದ ಅಪ್ಪನನ್ನು ನೋಡಿ ನಾವು ಮಕ್ಕಳು ನಕ್ಕೆವು. ಅವನೂ ನಕ್ಕ. ಆಮೇಲೆ ಪ್ರತಿ ವರ್ಷ ಹಾಗೆಯೇ ನಡೆಯಿತು.

ಹೊಸ ಶತಮಾನ ಶುರುವಾಗಿ ಕೆಲವು ವರ್ಷಕ್ಕೆ ಚಿಕ್ಕಪ್ಪ ಹುಣಸೂರಿನಲ್ಲಿ ಅಂಗಡಿ ಹಾಕಿದ. ಡಿಜಿಟಲ್ ಕ್ಯಾಮೆರಾ, ಕಂಪ್ಯೂಟರ್, ಪ್ರಿಂಟರ್ ಎಲ್ಲ ಬಂತು. ಮದುವೆಯೊಂದಕ್ಕೆ ಸಾವಿರ ಫೋಟೋ ತೆಗೆದು, ಕಣ್ಣು ಮುಚ್ಚಿದವರನ್ನು ಅಲ್ಲೇ ಅಳಿಸಿ, ಸಂಜೆಗೆ ಆಲ್ಬಂ ತೋರಿಸುತ್ತಿದ್ದ. ಅದರಲ್ಲಿ ತಪ್ಪೇನಿಲ್ಲ, ಜನಕ್ಕೂ ಅದೇ ಬೇಕಿತ್ತು. ಅಪ್ಪನ ಬೋಗುಣಿಗಳು ಒಣಗಿದವು. ಒಂದು ಯುಗಾದಿಗೆ ಚಿಕ್ಕಪ್ಪ ಅಣ್ಣನಿಗೆಂದು ಪ್ರೀತಿಯಿಂದ ಒಂದು ಉಡುಗೊರೆ ತಂದ. ಗೋಡೆಯ ಫೋಟೋವನ್ನೇ ಕಂಪ್ಯೂಟರಿಗೆ ಹಾಕಿ, ಕಲೆ ತೆಗೆದು, ಹೊಳೆಯುವ ಕಾಗದದ ಮೇಲೆ ದೊಡ್ಡದಾಗಿ ಮಾಡಿಸಿದ್ದ. ಬಾಗಿಲ ಚೌಕಟ್ಟು ಸಲೀಸಾಗಿ ಮೂಲೆಯವರೆಗೂ ಹೋಗಿತ್ತು. ಬೆರಳು ಎಲ್ಲೂ ಇರಲಿಲ್ಲ.

“ಎಲ್ಲಾ ಕ್ಲೀನ್ ಮಾಡಿವ್ನಿ ಅಣ್ಣ. ಈಗ ನೋಡು, ಎಂಗ್ ಬಂದಿದ್ದೀಯೆ.”

ಅಪ್ಪ ಬಹಳ ಹೊತ್ತು ನೋಡಿದ. ದನಿ ಏರಿಸಲಿಲ್ಲ.

“ಅವ್ವನ್ನ ಎಲ್ಲಿಗ್ ಕಳ್ಸ್‌ಬುಟ್ಟೆ ಸ್ವಾಮಿ?”

ಚಿಕ್ಕಪ್ಪನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವನು ಅಡುಗೆಮನೆಗೆ ಹೋಗಿ ಅಮ್ಮನ ಹತ್ತಿರ ನೀರು ಕೇಳಿ ಕುಡಿದ. ಆ ಫೋಟೋವನ್ನು ಸುರುಳಿ ಸುತ್ತಿ ತಾನೇ ವಾಪಸ್ ತೆಗೆದುಕೊಂಡು ಹೋದ. ಅಣ್ಣತಮ್ಮಂದಿರು ಇದರ ಬಗ್ಗೆ ಮತ್ತೆ ಮಾತಾಡಿದ್ದನ್ನು ನಾನು ಕೇಳಿಲ್ಲ.

ಅಪ್ಪ ತೀರಿಕೊಂಡಾಗ ಫೋಟೋಗೆ ಬರ ಇರಲಿಲ್ಲ. ಚಿಕ್ಕಪ್ಪನ ಕಂಪ್ಯೂಟರಿನಲ್ಲಿ ಅವನದೇ ನೂರಾರಿದ್ದವು. ಹೊಸ ಅಂಗಿಯಲ್ಲಿ ನಗುತ್ತಿರುವ ಒಂದನ್ನು ಅವನು ಅಚ್ಚು ಹಾಕಿಸಿಯೂ ತಂದಿದ್ದ. ತಿಥಿಯ ಬೆಳಿಗ್ಗೆ ಅಮ್ಮ ಅದನ್ನು ನೋಡಿ, ಚೆನ್ನಾಗಿದೆ ಅಂದು ಪಕ್ಕಕ್ಕಿಟ್ಟಳು. ನಡುಮನೆಯ ಗೋಡೆಯಿಂದ ಹಳೆಯ ಕಟ್ಟನ್ನು ಇಳಿಸಿ, ಗಾಜು ಒರೆಸಿ, ಮಣೆಯ ಮೇಲೆ ಇಡಲು ಹೇಳಿದಳು. ನಾನು ಅಭ್ಯಾಸಬಲದಿಂದ ಮೂಲೆಗೆ ಕುಂಕುಮ ಇಟ್ಟು, ಒಂದು ಹೂ ಸಿಕ್ಕಿಸಿ ಹಿಂದೆ ಸರಿದೆ.

“ಆರ ಆಕು” ಅಂದಳು ಅಮ್ಮ. “ಪೂರ್ತಿ ಆಕು. ಇನ್ನೇನಡ್ಡಿ.”

ಹಾಕಿದೆ. ಸೇವಂತಿಗೆಯ ದಪ್ಪ ಹಾರ, ಮೇಲಿನ ಮೂಲೆಯನ್ನೇ ಮುಚ್ಚಿಬಿಟ್ಟಿತು. ಅಮ್ಮ ಕೂತಲ್ಲಿಂದ ಎದ್ದು ಬಂದು, ಬರಿದಾದ ಕೈಯಿಂದ ಹಾರವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದಳು.

“ಅತ್ತೆ ಕಾಣ್ತಿರ್ನಿಲ್ಲ” ಅಂದಳು.